ಹೆಸರಿಲ್ಲದ ಫಂಕ್ಷನ್ನೂ ಅದರ ಬುತ್ತಿಯೂ

ಗಣಕಯಂತ್ರಕ್ಕೆ ಒಪ್ಪಿಸತಕ್ಕ ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗಕ್ಕೆ ಒಂದೊಂದು ಹೆಸರನ್ನಿಟ್ಟು, ಬೇಕಾದಾಗ ಆ ಹೆಸರಿನಿಂದ ಕರೆದು ಕೆಲಸ ಮಾಡಿಸಿಕೊಳ್ಳುವ ಪದ್ಧತಿಯನ್ನು ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿನಿಯರು ಬಲ್ಲರು. ಅಂತಹ ಭಾಗಕ್ಕೆ ಫಂಕ್ಷನ್ ಎಂದು ಹೆಸರು. ಆದರೆ ಲೋಕವ್ಯವಹಾರದಲ್ಲಿ ನಾವು ಎಲ್ಲ ಕೆಲಸಗಳಿಗೂ ಹೆಸರಿಡುವೆವೋ? "ಆ ಪಾತ್ರೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಡು" ಎಂದು ತಾಯಿಯು ಮಗಳಿಗೆ ಹೇಳುವಾಗ, "ದೊಡ್ಡದರಿಂದ ಚಿಕ್ಕದಕ್ಕೆ" ಎಂಬ ಕ್ರಮಕ್ಕೆ ಬೇರೊಂದು ಹೆಸರನ್ನು ಕಲ್ಪಿಸಿ, ಅದನ್ನು ಮೊದಲು ಒಂದು ಕಾಗದದಲ್ಲಿ ಬರೆದಿಟ್ಟು, ಬಳಿಕ ಆ ಹೆಸರಿನ ಮೂಲಕ ಅಪ್ಪಣೆ ಕೊಡುವುದಿಲ್ಲ. ಕ್ರಮವು ಅಪ್ಪಣೆಯೊಳಗೇ ಅಡಕವಾಗಿರುವುದು. ಪ್ರೋಗ್ರಾಮ್ ಬರೆಯುವಲ್ಲಿಯೂ ಹೀಗೆ ಇದ್ದ ಸ್ಥಳದಲ್ಲಿಯೇ ಬರೆದು ಕೈಗೆ ಕೊಡತಕ್ಕ ಫಂಕ್ಷನ್ನನ್ನು ಅನಾಮಕ ಫಂಕ್ಷನ್, ಎಂದರೆ ಹೆಸರಿಲ್ಲದ ಫಂಕ್ಷನ್ ಎಂದು ಕರೆಯುವರು.

ರಸ್ಟ್ ಎಂಬ ಭಾಷೆಯಲ್ಲಿ ಅದರ ರೂಪವು ಹೀಗಿರುವುದು:

|ಅಂಕ| ಅಂಕ + ಕೃಪಾಂಕ

ಎರಡು ನಿಂತ ಗೆರೆಗಳ ನಡುವೆ ಇರುವುದು, ಕರೆದ ಪ್ರತಿಯೊಂದು ಸಲವೂ ಹೊರಗಿನಿಂದ ಬರತಕ್ಕ ಬೆಲೆ. ಗೆರೆಗಳಿಂದಾಚೆಗೆ ಇರುವುದು, ಆ ಬೆಲೆಯನ್ನಿಟ್ಟುಕೊಂಡು ಮಾಡತಕ್ಕ ಕೆಲಸ. ಕೆಲಸದ ಫಲವೇ ಉತ್ತರವಾಗಿ ಹಿಂದಿರುಗುವುದು. ಅದಕ್ಕೆ ಬೇರೆ ಅಪ್ಪಣೆ ಬೇಕಿಲ್ಲ. ಒಬ್ಬ ಹುಡುಗಿಯ ಅಂಕವನ್ನು ಕೊಟ್ಟರೆ, ಅದಕ್ಕೆ ಕೃಪಾಂಕವನ್ನು ಕೂಡಿಸಿ ಹಿಂದಕ್ಕೆ ಕೊಡುವ ಕೆಲಸವಿದು. ಒಂದು ತರಗತಿಯ ಅಂಕಗಳ ಪಟ್ಟಿಯನ್ನು ತೆಗೆದುಕೊಂಡು, ಮ್ಯಾಪ್ ಎಂಬ ಸಾಧನಕ್ಕೆ ಈ ಸಾಲನ್ನು ಒಪ್ಪಿಸಿದರೆ, ಅದು ಪಟ್ಟಿಯ ಒಂದೊಂದು ಅಂಕಕ್ಕೂ ಇದನ್ನು ಕರೆದು, ತಿದ್ದಿದ ಅಂಕಗಳನ್ನು ಸಾಲಾಗಿ ಕೊಡುವುದು.

ಮೇಲಿನ ಸಾಲನ್ನು ಕೇವಲ ವಿವರಣೆಗೋಸ್ಕರ ಕನ್ನಡದಲ್ಲಿ ಬರೆದಿದೆಯೆಂದು ಯಾರೂ ತಿಳಿಯಬಾರದು. ೨೦೨೧ನೆಯ ಇಸವಿ ಜೂನ್ ತಿಂಗಳಲ್ಲಿ ಹೊರಬಂದ ರಸ್ಟ್ ೧.೫೩ರಿಂದ ಈಚೆಗೆ ಹೆಸರುಗಳನ್ನು ಕನ್ನಡ ಮೊದಲಾದ ಲಿಪಿಗಳಲ್ಲಿಯೂ ಇಡಬಹುದಾಗಿದೆ. ಕೃಪಾಂಕವೆಂಬುದಕ್ಕೆ ಮೊದಲೇ ಒಂದು ಬೆಲೆಯನ್ನು ಕೊಟ್ಟಿದ್ದರೆ, ಈ ಸಾಲನ್ನು ಕಂಪೈಲರು ಇದ್ದ ಹಾಗೆಯೇ ಅಂಗೀಕರಿಸುವುದು. ಕಂಪೈಲರೆಂದರೆ ನಾವು ಬರೆದುದನ್ನು ಯಂತ್ರದ ಭಾಷೆಗೆ ಪರಿವರ್ತಿಸುವ ಸಾಧನ. ಭಾಷೆಯ ಸ್ವಂತ ಪದಗಳಾದ ಲೆಟ್, ಮೂವ್ ಮೊದಲಾದವು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿಯೇ ಇರತಕ್ಕದ್ದು. ಇಲ್ಲಿ ಅವುಗಳನ್ನು ಉಚ್ಚಾರಕ್ಕೆ ಸರಿಯಾಗಿ ಬರೆದಿದೆ.

ಈಗ ಆ ಸಾಲನ್ನು ಇನ್ನೊಮ್ಮೆ ನೋಡಿರಿ. ಅಂಕವು ಎಲ್ಲಿಂದ ಬಂದಿತೆಂಬುದು ಸ್ಪಷ್ಟ. ಅದು ಗೆರೆಗಳ ನಡುವೆ ಇದೆ. ಕೃಪಾಂಕವು ಎಲ್ಲಿಂದ ಬಂದಿತು? ಅದು ಗೆರೆಗಳ ನಡುವೆ ಇಲ್ಲ. ಆ ಫಂಕ್ಷನ್ನು ಹುಟ್ಟಿದ ಸ್ಥಳದಲ್ಲಿ, ಅದರ ಸುತ್ತಮುತ್ತ ಇದ್ದ ಬೆಲೆಗಳಲ್ಲಿ ಅದೂ ಒಂದು. ಫಂಕ್ಷನ್ನು ಬೇರೊಂದು ಕಡೆಗೆ ಹೋಗಿ ಅಲ್ಲಿ ಕೆಲಸ ಮಾಡಬೇಕಾದಾಗ, ಹುಟ್ಟಿದ ಸ್ಥಳದ ಈ ಕೃಪಾಂಕವನ್ನು ತನ್ನ ಸಂಗಡ ತೆಗೆದುಕೊಂಡು ಹೋಗಲೇಬೇಕು. ದೂರದ ಊರಿಗೆ ಹೊರಟ ಹುಡುಗಿಯು ಮನೆಯಿಂದ ಬುತ್ತಿಯನ್ನು ಕಟ್ಟಿಸಿಕೊಂಡು ಹೋಗುವಂತೆ, ಫಂಕ್ಷನ್ನು ತನ್ನ ಜನ್ಮಸ್ಥಳದಿಂದ ಬೇಕಾದ ಬೆಲೆಗಳನ್ನು ಕಟ್ಟಿಕೊಂಡು ಹೋಗುವುದು. ಹೀಗೆ ಬುತ್ತಿಸಹಿತವಾದ ಫಂಕ್ಷನ್ನಿಗೆ ಕ್ಲೋಷರ್ ಎಂದು ಹೆಸರು.

ಅನಾಮಕ ಫಂಕ್ಷನ್, ಕ್ಲೋಷರ್ ಎಂಬ ಎರಡು ಪದಗಳನ್ನು ಒಂದೇ ಎಂಬಂತೆ ಅನೇಕರು ಬಳಸುತ್ತಾರೆ. ಇದು ಸರಿಯಲ್ಲ. ಹೆಸರಿಲ್ಲದಿರುವುದು ಒಂದು ಗುಣ, ಬುತ್ತಿಯಿರುವುದು ಇನ್ನೊಂದು ಗುಣ. ಎರಡು ಅಂಕಗಳನ್ನು ಗೆರೆಗಳ ನಡುವೆ ತೆಗೆದುಕೊಂಡು ಕೂಡಿಸುವುದಷ್ಟನ್ನೇ ಮಾಡುವ ಫಂಕ್ಷನ್ನಿಗೆ ಹೆಸರಿಲ್ಲದಿದ್ದರೂ ಬುತ್ತಿಯೇನೂ ಬೇಕಾಗಿಲ್ಲ. ರಸ್ಟ್ ಭಾಷೆಯು ಅಂಥದನ್ನು ಸಾಮಾನ್ಯ ಫಂಕ್ಷನ್ನಿನ ವಿಳಾಸವಾಗಿಯೂ ಬಳಸಗೊಡುವುದು. ಇನ್ನೊಂದು ಕಡೆ, ರಸ್ಟ್‌ನಲ್ಲಿ ಒಂದು ಫಂಕ್ಷನ್ನಿನ ಒಳಗೆ ಹೆಸರಿಟ್ಟು ಬರೆದ ಮತ್ತೊಂದು ಫಂಕ್ಷನ್ನು ಹೊರಗಿನದರ ಸ್ವಂತ ಬೆಲೆಗಳನ್ನು ಕಣ್ಣೆತ್ತಿಯೂ ನೋಡಲಾರದು. ಆ ಅಧಿಕಾರವು ನಿಂತ ಗೆರೆಗಳುಳ್ಳ ರೂಪಕ್ಕೆ ಮಾತ್ರ ಉಂಟು.

ಈ ಕಲ್ಪನೆಯು ಗಣಕಯಂತ್ರಗಳಿಗಿಂತಲೂ ಹಳೆಯದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ಅಲೊಂಜೊ ಚರ್ಚ್ ಎಂಬ ತರ್ಕಶಾಸ್ತ್ರಜ್ಞರು ೧೯೩೦ರ ದಶಕದಲ್ಲಿ, ಹೆಸರಿಲ್ಲದ ಫಂಕ್ಷನ್ನುಗಳನ್ನು ಗ್ರೀಕ್ ಅಕ್ಷರವಾದ ಲ್ಯಾಂಬ್ಡಾದಿಂದ ಗುರುತಿಸಿ, ಅವುಗಳಿಂದಲೇ ಒಂದು ಗಣಿತಪದ್ಧತಿಯನ್ನು ರಚಿಸಿದರು. ಜಾನ್ ಮೆಕಾರ್ಥಿ ಎಂಬವರು ೧೯೫೮ರಲ್ಲಿ ಆರಂಭಿಸಿದ ಲಿಸ್ಪ್ ಭಾಷೆಗೆ ಆ ಗುರುತನ್ನು ತಂದರು. ಆದರೆ ಆರಂಭದ ಲಿಸ್ಪ್‌ನಲ್ಲಿ ಒಂದು ತೊಡಕಿತ್ತು. ಹೊರಗಿನ ಹೆಸರುಗಳ ಬೆಲೆಯನ್ನು ಫಂಕ್ಷನ್ನು ಹುಟ್ಟಿದಲ್ಲಿ ಹುಡುಕದೆ, ಅದನ್ನು ಕರೆದಲ್ಲಿ ಹುಡುಕುತ್ತಿದ್ದರು. ಕರೆದ ಸ್ಥಳದಲ್ಲಿ ಬೇರಾವುದೋ ಕೃಪಾಂಕವಿದ್ದರೆ ಅದನ್ನೇ ಕೂಡಿಸಿಬಿಡುವುದು. ಬುತ್ತಿಯಿಲ್ಲದೆ ಹೊರಟವಳು ದಾರಿಯಲ್ಲಿ ಸಿಕ್ಕಿದ್ದನ್ನು ಉಂಡಂತೆ. ಕೆಲಸದ ಸೂಚನೆಯನ್ನೂ ಹುಟ್ಟಿದ ಸ್ಥಳದ ಬೆಲೆಗಳನ್ನೂ ಜೋಡಿಯಾಗಿ ಕಟ್ಟಿಡುವುದಕ್ಕೆ ಇಂಗ್ಲೆಂಡಿನ ಪೀಟರ್ ಲ್ಯಾಂಡಿನ್ ೧೯೬೪ರ ತಮ್ಮ ಲೇಖನದಲ್ಲಿ ಕ್ಲೋಷರ್ ಎಂಬ ಹೆಸರನ್ನು ಕೊಟ್ಟರು. ಬೆಲೆ ಗೊತ್ತಿಲ್ಲದ ಹೆಸರುಗಳಿಂದ ತೆರೆದಿದ್ದ ವಾಕ್ಯವು, ಆ ಬೆಲೆಗಳನ್ನು ಸೇರಿಸಿದೊಡನೆ ಮುಚ್ಚಿತು ಎಂಬುದು ಆ ಹೆಸರಿನ ಅರ್ಥ. ೧೯೭೫ರಲ್ಲಿ ಗೈ ಸ್ಟೀಲ್, ಜೆರಾಲ್ಡ್ ಸಸ್ಮನ್ ಇಬ್ಬರೂ ರಚಿಸಿದ ಸ್ಕೀಮ್ ಭಾಷೆಯಲ್ಲಿ ಇದು ನೆಲೆಗೊಂಡಿತು.

ಲಿಸ್ಪ್, ಸ್ಕೀಮ್, ಮತ್ತು ನಿಮ್ಮಲ್ಲಿ ಕೆಲವರು ಕಲಿತಿರುವ ಪೈಥಾನ್, ಇವೆಲ್ಲವುಗಳಲ್ಲಿ ಬುತ್ತಿಯ ವಿಷಯವಾಗಿ ಬರೆಯುವವರು ಹೆಚ್ಚು ಯೋಚಿಸಬೇಕಾದುದಿಲ್ಲ. ಏಕೆಂದರೆ ಅಲ್ಲಿ ಪ್ರೋಗ್ರಾಮಿನ ಜೊತೆಯಲ್ಲಿಯೇ ಒಬ್ಬ ಜಾಡಮಾಲಿಯಂಥ ಸಾಧನವು ಕೆಲಸ ಮಾಡುತ್ತಿರುವುದು. ಯಾವ ಬೆಲೆಯು ಇನ್ನೂ ಯಾರಿಗಾದರೂ ಬೇಕಾಗಿದೆ, ಯಾವುದು ಯಾರಿಗೂ ಬೇಡ ಎಂದು ನೋಡಿಕೊಂಡು, ಬೇಡವಾದುದನ್ನು ಮಾತ್ರ ಗುಡಿಸಿ ತೆಗೆಯುವುದು. ಆ ಸೇವೆಗೆ ಸಮಯವೂ ಸ್ಥಳವೂ ಖರ್ಚಾಗುತ್ತವೆ. ಗಣಕಯಂತ್ರದ ಆಡಳಿತವನ್ನೇ ನಡೆಸುವ ಆಪರೇಟಿಂಗ್ ಸಿಸ್ಟಮ್, ಮುದ್ರಣಯಂತ್ರ ಮೊದಲಾದ ಉಪಕರಣಗಳನ್ನು ನಡೆಸುವ ಡ್ರೈವರುಗಳು, ಬ್ರೌಸರಿನ ಒಳಯಂತ್ರ ಇವುಗಳನ್ನು ಬರೆಯುವಲ್ಲಿ ಸಾಮಾನ್ಯವಾಗಿ ಆ ಖರ್ಚನ್ನು ಒಪ್ಪುವುದಿಲ್ಲ. ಇಂತಹ ಕೆಲಸಗಳಿಗೆ ತಕ್ಕ ಭಾಷೆಗಳಿಗೆ ಸಿಸ್ಟಮ್ಸ್ ಭಾಷೆಗಳೆಂದು ಹೆಸರು. ಜಾಡಮಾಲಿ ಇಲ್ಲದ ಈ ಮನೆಯಲ್ಲಿ ಬುತ್ತಿಯ ಪ್ರಶ್ನೆಯು ಬಹಳ ಗಂಭೀರವಾದುದು.

ಹೇಗೆಂದರೆ, ಇಲ್ಲಿ ಒಂದು ಫಂಕ್ಷನ್ನು ತನ್ನ ಸ್ವಂತ ಬೆಲೆಗಳನ್ನು ಸ್ಟ್ಯಾಕ್ ಎಂಬ ಸ್ಮೃತಿಭಾಗದಲ್ಲಿ ಇಟ್ಟುಕೊಂಡಿರುವುದು. ಅದರ ಕೆಲಸ ಮುಗಿದೊಡನೆ ಆ ಸ್ಥಳವು ಮುಂದೆ ಬರುವ ಫಂಕ್ಷನ್ನಿಗೆ ಸಲ್ಲುವುದು. ಇದು ತರಗತಿಯ ಕರಿಹಲಗೆಯಂತೆ. ಲೆಕ್ಕದ ಪಾಠದಲ್ಲಿ ಒಬ್ಬ ಹುಡುಗಿಯು ಉತ್ತರವನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳದೆ, "ಉತ್ತರವು ಹಲಗೆಯ ಮೂರನೆಯ ಸಾಲಿನಲ್ಲಿದೆ" ಎಂದು ಮಾತ್ರ ಗುರುತು ಹಾಕಿಕೊಂಡಳೆಂದು ಭಾವಿಸಿರಿ. ಗಂಟೆ ಬಾರಿಸಿತು, ಭೂಗೋಳದ ಉಪಾಧ್ಯಾಯಿನಿಯವರು ಬಂದು ಹಲಗೆಯನ್ನು ಒರೆಸಿ ನದಿಗಳ ಉದ್ದವನ್ನು ಬರೆದರು. ಸಂಜೆ ಆ ಹುಡುಗಿಯು ಬಂದು ಮೂರನೆಯ ಸಾಲನ್ನು ನೋಡಿದರೆ, ಅದು ಬರಿದಾಗಿದ್ದರೆ ಚೆನ್ನಾಗಿತ್ತು, ತಪ್ಪು ತಿಳಿದುಹೋಗುತ್ತಿತ್ತು. ಅಲ್ಲಿ ಒಂದು ಸಂಖ್ಯೆ ಇದೆ! ಅದನ್ನೇ ತನ್ನ ಲೆಕ್ಕದ ಉತ್ತರವೆಂದು ಬರೆದುಕೊಂಡು ಹೋಗುವಳು. ಒಡತಿ ಸತ್ತುಹೋದ ಬಳಿಕವೂ ಉಳಿದಿರುವ ಇಂತಹ ವಿಳಾಸಗಳೇ ಸಿಸ್ಟಮ್ಸ್ ಪ್ರೋಗ್ರಾಮುಗಳಲ್ಲಿ ದೊಡ್ಡ ಅಪಾಯ. ಯಂತ್ರವು ನಿಲ್ಲುವುದಿಲ್ಲ, ದೂರುವುದೂ ಇಲ್ಲ. ತಪ್ಪು ಬೆಲೆಯೊಂದಿಗೆ ನಡೆದುಹೋಗುವುದು. ದುರ್ಬುದ್ಧಿಯುಳ್ಳವರು ಆ ಹಲಗೆಯ ಮೇಲೆ ತಮಗೆ ಬೇಕಾದುದನ್ನು ಬರೆಯಿಸಿಟ್ಟು ಪರರ ಯಂತ್ರವನ್ನು ವಶಪಡಿಸಿಕೊಳ್ಳುವುದೂ ಉಂಟು. ತಾವು ವರ್ಷವರ್ಷವೂ ತಿದ್ದುತ್ತಿದ್ದ ಭದ್ರತಾದೋಷಗಳಲ್ಲಿ ನೂರಕ್ಕೆ ಸುಮಾರು ೭೦ ಸ್ಮೃತಿಯನ್ನು ತಪ್ಪಾಗಿ ಬಳಸಿದುದರಿಂದ ಹುಟ್ಟಿದವೆಂದು ಮೈಕ್ರೋಸಾಫ್ಟ್ ಸಂಸ್ಥೆಯವರು ೨೦೧೯ರಲ್ಲಿ ಪ್ರಕಟಿಸಿದರು. ಸತ್ತ ವಿಳಾಸವು ಆ ದೋಷಗಳ ಒಂದು ಮುಖ್ಯ ಜಾತಿ.

ಡೆನ್ನಿಸ್ ರಿಚಿಯವರು ೧೯೭೦ರ ದಶಕದ ಆದಿಯಲ್ಲಿ ರಚಿಸಿದ ಸಿ ಭಾಷೆಯು ಈ ಗಂಡಾಂತರವನ್ನು ಬಹುಮಟ್ಟಿಗೆ ಕ್ಲೋಷರುಗಳನ್ನೇ ಕೊಡದೆ ದೂರವಿಟ್ಟಿತು. ಅಲ್ಲಿ ಫಂಕ್ಷನ್ನಿನ ವಿಳಾಸವನ್ನು ಮಾತ್ರ ಕಳುಹಿಸಬಹುದು. ಬುತ್ತಿ ಬೇಕಾದವರು ಅದನ್ನು ಬೇರೆಯಾಗಿ, ಇಂಥ ಜಾತಿಯದೆಂದು ಹೇಳದ ಒಂದು ವಿಳಾಸದ ರೂಪದಲ್ಲಿ, ತಾವೇ ಕೈಯಿಂದ ಕಳುಹಿಸಬೇಕು. ಆ ಬುತ್ತಿಯಲ್ಲಿ ಏನಿದೆ, ಅದು ಹಳಸಿದೆಯೇ ಎಂದು ನೋಡುವವರು ಯಾರೂ ಇಲ್ಲ. ಸಿ ಪ್ಲಸ್ ಪ್ಲಸ್ ಭಾಷೆಗೆ ೨೦೧೧ರಲ್ಲಿ ಅನಾಮಕ ಫಂಕ್ಷನ್ನುಗಳು ಬಂದುವು. ಅಲ್ಲಿ ಚೌಕ ಆವರಣದೊಳಗೆ, ಹೊರಗಿನ ಬೆಲೆಯನ್ನು ನಕಲು ಮಾಡಿಕೊಳ್ಳಬೇಕೋ ಅದರ ವಿಳಾಸವನ್ನು ಮಾತ್ರ ಹಿಡಿದುಕೊಳ್ಳಬೇಕೋ ಎಂಬುದನ್ನು ಬರೆಯುವವರೇ ಸೂಚಿಸತಕ್ಕದ್ದು. ಇದು ಒಳ್ಳೆಯ ಏರ್ಪಾಡೇ ಸರಿ. ಆದರೂ ವಿಳಾಸವನ್ನು ಹಿಡಿದ ಕ್ಲೋಷರು ಒಡತಿಗಿಂತ ಹೆಚ್ಚು ಕಾಲ ಬದುಕಿದರೆ ಅದನ್ನು ತಡೆಯುವ ನಿಯಮವು ಆ ಭಾಷೆಯಲ್ಲಿಲ್ಲ. ಎಚ್ಚರವು ಬರೆಯುವವರಿಗೆ ಬಿಟ್ಟದ್ದು.

ರಸ್ಟ್ ಭಾಷೆಯನ್ನು ಗ್ರೇಡನ್ ಹೋರ್ ಎಂಬವರು ೨೦೦೬ರಲ್ಲಿ ತಮ್ಮ ಸ್ವಂತ ಬಿಡುವಿನ ಕೆಲಸವಾಗಿ ಆರಂಭಿಸಿದರು. ೨೦೦೯ರಿಂದ ಮೊಜಿಲ್ಲಾ ಸಂಸ್ಥೆಯು ಅದಕ್ಕೆ ಪೋಷಕವಾಯಿತು. ೨೦೧೫ನೆಯ ಇಸವಿ ಮೇ ೧೫ರಂದು ಅದರ ೧.೦ ಆವೃತ್ತಿ ಹೊರಬಂದಿತು. ಜಾಡಮಾಲಿಯನ್ನು ಇಟ್ಟುಕೊಳ್ಳದೆ, ಸತ್ತ ವಿಳಾಸಗಳಿಗೂ ಎಡೆಗೊಡದೆ ಕೆಲಸ ಸಾಗಿಸುವುದು ಅದರ ಉದ್ದೇಶ. ಅದಕ್ಕಾಗಿ ಅದು ಹಿಡಿದ ದಾರಿ ನಮಗೆ ಗೃಹಕೃತ್ಯದಿಂದಲೇ ಪರಿಚಿತವಾದುದು: ಒಡೆತನ ಮತ್ತು ಎರವಲು. ಪ್ರತಿಯೊಂದು ಬೆಲೆಗೂ ಒಬ್ಬಳೇ ಒಡತಿ. ಒಡತಿಯ ಕಾಲ ಮುಗಿದಾಗ ಬೆಲೆಯೂ ಅಳಿಯುವುದು. ಒಡತಿಯು ತನ್ನ ವಸ್ತುವನ್ನು ಇತರರಿಗೆ ಎರವಲು ಕೊಡಬಹುದು. ನೋಡುವುದಕ್ಕೆ ಮಾತ್ರವಾದರೆ ಏಕಕಾಲದಲ್ಲಿ ಎಷ್ಟು ಜನರಿಗಾದರೂ, ತಿದ್ದುವುದಕ್ಕಾದರೆ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಯಾವ ಎರವಲೂ ಒಡತಿಯ ಆಯುಷ್ಯವನ್ನು ಮೀರಿ ಉಳಿಯಕೂಡದು. ಈ ನಿಯಮಗಳು ಪಾಲಿಸಲ್ಪಟ್ಟಿವೆಯೇ ಎಂಬುದನ್ನು ಕಂಪೈಲರು ಪ್ರೋಗ್ರಾಮ್ ಓಡುವುದಕ್ಕೆ ಮುಂಚೆಯೇ ಪರೀಕ್ಷಿಸುವುದು. ತಪ್ಪಿದ್ದರೆ ಪ್ರೋಗ್ರಾಮು ಹುಟ್ಟುವುದೇ ಇಲ್ಲ.

ಈ ನಿಯಮಗಳ ಎಲ್ಲ ಭಾರವೂ ಕ್ಲೋಷರಿನ ಬುತ್ತಿಯ ಮೇಲೆ ಬೀಳುವುದನ್ನು ಒಂದು ಉದಾಹರಣೆಯಿಂದ ನೋಡೋಣ. ಹಾಜರಿ ಎಂಬ ಹೆಸರುಗಳ ಪಟ್ಟಿಯೊಂದಿದೆಯೆಂದು ಇಟ್ಟುಕೊಳ್ಳಿರಿ. ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆಯೆಂದು ಹೇಳುವ ಕ್ಲೋಷರನ್ನು ಬರೆದರೆ, ಅದಕ್ಕೆ ನೋಡುವ ಎರವಲು ಸಾಕು. ಅದು ಬಳಕೆಯಲ್ಲಿರುವಾಗ ಉಳಿದವರೂ ಪಟ್ಟಿಯನ್ನು ಓದಬಹುದು. ತಿದ್ದಲು ಮಾತ್ರ ಆಗದು. ತಡವಾಗಿ ಬಂದವಳ ಹೆಸರನ್ನು ಪಟ್ಟಿಗೆ ಸೇರಿಸುವ ಕ್ಲೋಷರನ್ನು ಬರೆದರೆ, ಅದಕ್ಕೆ ತಿದ್ದುವ ಎರವಲು ಬೇಕು. ಆಗ ಆ ಕ್ಲೋಷರಿನ ಕೊನೆಯ ಬಳಕೆ ಮುಗಿಯುವ ತನಕ ಬೇರೆ ಯಾರೂ ಪಟ್ಟಿಯನ್ನು ಓದಲೂ ಕೂಡದು. ಅರ್ಧ ಬರೆದ ಹೆಸರನ್ನು ಇನ್ನೊಬ್ಬರು ಓದುವ ಪ್ರಮೇಯವೇ ಇಲ್ಲ. ಮೂರನೆಯದಾಗಿ, ಪಟ್ಟಿಯನ್ನು ಕಚೇರಿಗೆ ಒಪ್ಪಿಸಿಬಿಡುವ ಕ್ಲೋಷರು; ಅದಕ್ಕೆ ಎರವಲು ಸಾಲದು, ಒಡೆತನವೇ ಬೇಕು. ಈ ಮೂರರಲ್ಲಿ ಯಾವುದು ಬೇಕೆಂಬುದನ್ನು ನಾವು ಹೇಳಬೇಕಾಗಿಲ್ಲ. ಕಂಪೈಲರು ಕ್ಲೋಷರಿನ ಒಡಲನ್ನು ಓದಿ, ಕೆಲಸ ಸಾಗುವುದಕ್ಕೆ ಸಾಕಾಗುವಷ್ಟು ಕಡಿಮೆ ಅಧಿಕಾರವನ್ನು ತಾನೇ ಗೊತ್ತುಮಾಡುವುದು. ಈ ಮಿತವ್ಯಯವು ನನಗೆ ಬಹಳ ಮೆಚ್ಚಿಕೆಯಾದುದು.

೨೦೨೧ರ ಸಂಚಿಕೆಯ ನಿಯಮಗಳಲ್ಲಿ ಈ ಮಿತವ್ಯಯವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ವಿದ್ಯಾರ್ಥಿನಿಯೆಂಬ ಒಂದು ದಾಖಲೆಯಲ್ಲಿ ಹೆಸರು, ಅಂಕ ಎಂಬ ಎರಡು ಅಂಗಗಳಿದ್ದು, ಕ್ಲೋಷರು ಅಂಕವನ್ನು ಮಾತ್ರ ತಿದ್ದುವುದಾದರೆ, ಹಿಂದೆ ಇಡೀ ದಾಖಲೆಯೇ ಅದರ ಬುತ್ತಿಗೆ ಸಿಕ್ಕಿಬೀಳುತ್ತಿತ್ತು. ಈಗ ಅಂಕವಷ್ಟೇ ಎರವಲಾಗಿ ಹೋಗುವುದು. ಹೆಸರನ್ನು ಇತರರು ಅದೇ ಸಮಯದಲ್ಲಿ ಓದಬಹುದು.

ಬುತ್ತಿಯ ಪ್ರಕಾರಕ್ಕೆ ಅನುಗುಣವಾಗಿ ಕ್ಲೋಷರುಗಳನ್ನು ಕರೆಯತಕ್ಕ ರೀತಿಯೂ ಮೂರು ಬಗೆ. ಬುತ್ತಿಯನ್ನು ನೋಡುವುದಷ್ಟನ್ನೇ ಮಾಡುವ ಕ್ಲೋಷರನ್ನು ಎಷ್ಟು ಸಲವಾದರೂ, ಎಲ್ಲಿಂದಲಾದರೂ ಕರೆಯಬಹುದು. ಇದರ ಗುಣಕ್ಕೆ ಎಫ್‌ಎನ್ ಎಂದು ಹೆಸರು. ಬುತ್ತಿಯನ್ನು ತಿದ್ದುವಂಥದನ್ನು ಎಷ್ಟು ಸಲವಾದರೂ ಕರೆಯಬಹುದು, ಆದರೆ ಕರೆಯುವವರಿಗೆ ಅದರ ಮೇಲೆ ತಿದ್ದುವ ಅಧಿಕಾರವಿರಬೇಕು. ಇದಕ್ಕೆ ಎಫ್‌ಎನ್ ಮ್ಯೂಟ್ ಎಂದು ಹೆಸರು. ಬುತ್ತಿಯನ್ನು ಕೊಟ್ಟುಬಿಡುವ, ಇಲ್ಲವೆ ಉಂಡು ಮುಗಿಸುವ ಕ್ಲೋಷರನ್ನು ಒಂದೇ ಸಲ ಕರೆಯಲು ಸಾಧ್ಯ. ಒಮ್ಮೆ ಒಪ್ಪಿಸಿದ ಹಾಜರಿಪಟ್ಟಿಯನ್ನು ಎರಡನೆಯ ಸಲ ಒಪ್ಪಿಸುವುದು ಹೇಗೆ? ಇದಕ್ಕೆ ಎಫ್‌ಎನ್ ಒನ್ಸ್ ಎಂದು ಹೆಸರು. ಮೊದಲನೆಯ ಗುಣವುಳ್ಳದ್ದು ಉಳಿದ ಎರಡರ ಸ್ಥಾನದಲ್ಲಿಯೂ ಸಲ್ಲುವುದು. ಅನೇಕ ಸಲ ಕರೆಯಬಹುದಾದುದನ್ನು ಒಂದೇ ಸಲ ಕರೆದು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಆದುದರಿಂದ ಕ್ಲೋಷರನ್ನು ಸ್ವೀಕರಿಸುವ ಫಂಕ್ಷನ್ ಬರೆಯುವವರು, ತಾವು ಅದನ್ನು ಒಂದೇ ಸಲ ಕರೆಯುವುದಾದರೆ ಎಫ್‌ಎನ್ ಒನ್ಸ್ ಎಂದಷ್ಟೇ ಕೇಳುವುದು ಯುಕ್ತ. ಬೇಕಾದುದಕ್ಕಿಂತ ಹೆಚ್ಚಿನ ಷರತ್ತನ್ನು ವಿಧಿಸಿದರೆ ಬರುವ ಅತಿಥಿಗಳು ಕಡಿಮೆಯಾಗುವರು.

ಈಗ ಕಲಿಯುವವರಿಗೆ ಬಹಳ ಗೊಂದಲವನ್ನು ಉಂಟುಮಾಡುವ ಸ್ಥಳಕ್ಕೆ ಬಂದೆವು. ಕೃಪಾಂಕವನ್ನು ತೆಗೆದುಕೊಂಡು, ನಾವು ಮೇಲೆ ಬರೆದ ಸಾಲನ್ನೇ ಉತ್ತರವಾಗಿ ಹಿಂದಿರುಗಿಸುವ ಒಂದು ಫಂಕ್ಷನ್ನನ್ನು ಬರೆಯಿರಿ. ಕಂಪೈಲರು ಅದನ್ನು ನಿರಾಕರಿಸುವುದು. ಒಡಲಿನಲ್ಲಿ ಕೃಪಾಂಕವನ್ನು ಓದುವುದು ಮಾತ್ರ ಇರುವುದರಿಂದ ಕ್ಲೋಷರು ನೋಡುವ ಎರವಲನ್ನಷ್ಟೇ ಪಡೆದಿದೆ. ಆದರೆ ಕೃಪಾಂಕದ ಒಡತಿಯಾದ ಫಂಕ್ಷನ್ನು ಕ್ಲೋಷರನ್ನು ಹೊರಗೆ ಕಳುಹಿಸಿದ ಕ್ಷಣವೇ ಮುಗಿದುಹೋಗುವುದು. ಇದೇ ಕರಿಹಲಗೆಯ ಮೂರನೆಯ ಸಾಲು. "ಈ ಕ್ಲೋಷರು ಸದ್ಯದ ಫಂಕ್ಷನ್ನಿಗಿಂತ ಹೆಚ್ಚು ಕಾಲ ಬದುಕಬಹುದು, ಆದರೆ ಅದು ಎರವಲು ಪಡೆದ ಕೃಪಾಂಕವು ಆ ಫಂಕ್ಷನ್ನಿನ ಸ್ವತ್ತು" ಎಂಬ ಅರ್ಥದ ಮಾತಿನಿಂದ ಕಂಪೈಲರು ದೋಷವನ್ನು ತಿಳಿಸಿ, ಗೆರೆಗಳ ಮುಂದೆ ಮೂವ್ ಎಂಬ ಪದವನ್ನು ಇಡಬೇಕೆಂದು ಸಲಹೆಯನ್ನೂ ಕೊಡುವುದು. ಈ ದೋಷದ ಸಂಖ್ಯೆ ೩೭೩. ರಸ್ಟ್ ಕಲಿತವರೆಲ್ಲರಿಗೂ ಅದು ಹಳೆಯ ಪರಿಚಯ. ಮೂವ್ ಎಂದರೆ, ಬುತ್ತಿಗೆ ಹೋಗುವುದೆಲ್ಲವೂ ಎರವಲಾಗಿ ಹೋಗದೆ ಒಡೆತನಸಹಿತವಾಗಿಯೇ ಹೋಗಬೇಕು ಎಂಬ ಅಪ್ಪಣೆ. ಅದನ್ನು ಇಟ್ಟೊಡನೆ ಪ್ರೋಗ್ರಾಮು ಸರಿಹೋಗುವುದು.

ಮೂವ್ ಪದವನ್ನು ಇಟ್ಟುದರಿಂದ ಆ ಕ್ಲೋಷರನ್ನು ಒಂದೇ ಸಲ ಕರೆಯಬಹುದೆಂದು ಅನೇಕರು ಊಹಿಸುವರು. ಇದು ತಪ್ಪು. ಬುತ್ತಿಯನ್ನು ಹೇಗೆ ಕಟ್ಟಿದರೆಂಬುದು ಒಂದು ಪ್ರಶ್ನೆ, ದಾರಿಯಲ್ಲಿ ಅದನ್ನು ಏನು ಮಾಡಿದರೆಂಬುದು ಬೇರೆ ಪ್ರಶ್ನೆ. ಮೂವ್ ಮೊದಲನೆಯದಕ್ಕೆ ಮಾತ್ರ ಸಂಬಂಧಿಸಿದ್ದು. ಒಡೆತನಸಹಿತವಾಗಿ ಕಟ್ಟಿಕೊಂಡ ಕೃಪಾಂಕವನ್ನು ಕ್ಲೋಷರು ಬಿಚ್ಚಿ ನೋಡಿ ಮತ್ತೆ ಕಟ್ಟಿಡುವುದಾದರೆ, ಅದನ್ನು ಸಾವಿರ ಸಲ ಕರೆದರೂ ಅಡ್ಡಿಯಿಲ್ಲ. ಅದರ ಗುಣವು ಎಫ್‌ಎನ್ ಆಗಿಯೇ ಉಳಿಯುವುದು. ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಟ್ಟುಕೊಂಡ ವಿದ್ಯಾರ್ಥಿನಿಗೆ ಈ ವಿಷಯದಲ್ಲಿ ಮುಂದೆ ಕಷ್ಟವು ಬಹಳ ಇಲ್ಲ.

ಖರ್ಚಿನ ವಿಷಯವಾಗಿ ಒಂದು ಮಾತು. ಜಾಡಮಾಲಿಯುಳ್ಳ ಭಾಷೆಗಳಲ್ಲಿ ಕ್ಲೋಷರಿನ ಬುತ್ತಿಗೆ ಸಾಮಾನ್ಯವಾಗಿ ಬೇರೆ ಸ್ಥಳವನ್ನು ಕೇಳಿ ಪಡೆಯಬೇಕಾಗುವುದು. ರಸ್ಟ್‌ನಲ್ಲಿ ಕ್ಲೋಷರೆಂದರೆ ಅದರ ಬುತ್ತಿಯಷ್ಟೇ; ಸೂಚನೆಗಳು ಪ್ರೋಗ್ರಾಮಿನಲ್ಲಿ ಹೇಗೂ ಇವೆ. ನಾಲ್ಕು ಬೈಟುಗಳ ಒಂದು ಪೂರ್ಣಾಂಕವನ್ನು ಮೂವ್ ಮೂಲಕ ಕಟ್ಟಿಕೊಂಡ ಕ್ಲೋಷರಿನ ಗಾತ್ರವು ನಾಲ್ಕು ಬೈಟುಗಳು. ಏನನ್ನೂ ಕಟ್ಟಿಕೊಳ್ಳದ ಕ್ಲೋಷರಿನ ಗಾತ್ರ ಸೊನ್ನೆ. ಇದಕ್ಕೆ ಕೊಡಬೇಕಾದ ಬೆಲೆಯೂ ಉಂಟು. ಒಂದೊಂದು ಕ್ಲೋಷರಿಗೂ ಕಂಪೈಲರು ನಮಗೆ ಹೇಳಲಾಗದ ಒಂದು ಪ್ರತ್ಯೇಕ ಜಾತಿಯನ್ನು ಕಲ್ಪಿಸುವುದರಿಂದ, ಅಕ್ಷರಕ್ಷರಕ್ಕೂ ಒಂದೇ ಆಗಿರುವ ಎರಡು ಕ್ಲೋಷರುಗಳು ಸಹ ಭಿನ್ನಜಾತಿಯವು. ಅವುಗಳನ್ನು ಒಂದೇ ಪಟ್ಟಿಯಲ್ಲಿ ಇಡಬೇಕಾದರೆ ಸಾಮಾನ್ಯವಾಗಿ ಬಾಕ್ಸ್ ಎಂಬ ಪೆಟ್ಟಿಗೆಯೊಳಗೆ ಇಟ್ಟು, ಹೊರಗಿನಿಂದ ಒಂದೇ ಬಗೆಯಾಗಿ ಕಾಣುವಂತೆ ಮಾಡಬೇಕು.

ಬುತ್ತಿಯ ನಿಯಮಗಳ ಬೆಲೆ ಎಷ್ಟೆಂಬುದು, ಒಂದೇ ಸಮಯದಲ್ಲಿ ಅನೇಕ ಕೆಲಸಗಳು ನಡೆಯುವಲ್ಲಿ ಗೊತ್ತಾಗುವುದು. ಇಂತಹ ಒಂದೊಂದು ಕೆಲಸದ ಎಳೆಗೂ ಥ್ರೆಡ್ ಎಂದು ಹೆಸರು. ಹೊಸ ಥ್ರೆಡ್ಡನ್ನು ಆರಂಭಿಸುವುದಕ್ಕೆ ಅದು ಮಾಡತಕ್ಕ ಕೆಲಸವನ್ನು ಕ್ಲೋಷರಿನ ರೂಪದಲ್ಲಿ ಕೊಡುವರು. ಥ್ರೆಡ್ಡು ಎಂದು ಮುಗಿಯುವುದೋ ಹೇಳಬಲ್ಲವರಾರು? ಅದನ್ನು ಆರಂಭಿಸಿದ ಫಂಕ್ಷನ್ನು ಮೊದಲೇ ಮುಗಿದುಹೋಗಬಹುದು. ಆದುದರಿಂದ ಸಾಮಾನ್ಯ ಥ್ರೆಡ್ಡಿನ ಕ್ಲೋಷರು ಆ ಫಂಕ್ಷನ್ನಿನ ಬೆಲೆಗಳನ್ನು ಎರವಲಾಗಿ ಒಯ್ಯಲಾಗದು, ಒಡೆತನವನ್ನೇ ಒಯ್ಯಬೇಕು. ಇಷ್ಟೇ ಅಲ್ಲದೆ, ಒಂದು ಎಳೆಯಿಂದ ಇನ್ನೊಂದಕ್ಕೆ ಸಾಗಿಸಲು ತಕ್ಕುದಲ್ಲದ ವಸ್ತುವೊಂದು ಬುತ್ತಿಯಲ್ಲಿದ್ದರೆ ಕ್ಲೋಷರನ್ನೇ ಕಂಪೈಲರು ತಡೆಯುವುದು. ಬುತ್ತಿಯ ಗುಣವೇ ಹೊತ್ತವಳ ಗುಣ.

೧.೦ ಆವೃತ್ತಿಗೆ ಮುಂಚೆ ರಸ್ಟ್‌ನಲ್ಲಿ ಎರವಲನ್ನೂ ಒಯ್ಯಬಲ್ಲ ಒಂದು ಬಗೆಯ ಥ್ರೆಡ್ಡಿತ್ತು. ಅದನ್ನು ಆರಂಭಿಸಿದವರ ಕೈಗೆ ಒಂದು ಕಾವಲುಚೀಟಿ ದೊರೆಯುತ್ತಿತ್ತು. ಚೀಟಿಯ ಕಾಲ ಮುಗಿದು ಅದು ಅಳಿಯುವಾಗ, ಥ್ರೆಡ್ಡು ಮುಗಿಯುವ ತನಕ ಕಾಯುವುದು ಅದರ ಕರ್ತವ್ಯ. ಹೀಗೆ ಥ್ರೆಡ್ಡು ಒಡತಿಗಿಂತ ಹೆಚ್ಚು ಕಾಲ ಬದುಕಲಾರದೆಂದು ಎಲ್ಲರೂ ನಂಬಿದ್ದರು. ೨೦೧೫ರ ಏಪ್ರಿಲ್ ತಿಂಗಳಲ್ಲಿ, ೧.೦ ಆವೃತ್ತಿಗೆ ಕೆಲವೇ ವಾರಗಳಿದ್ದಾಗ, ಈ ನಂಬಿಕೆಯಲ್ಲಿ ಬಿರುಕು ಕಂಡುಬಂದಿತು. ಒಂದು ವಸ್ತುವು ಇನ್ನೊಂದನ್ನು ಹಿಡಿದುಕೊಂಡು, ಆ ಇನ್ನೊಂದು ಮೊದಲನೆಯದನ್ನೇ ಹಿಡಿದುಕೊಂಡು ಚಕ್ರವಾದರೆ, ಎರಡೂ ಎಂದೆಂದಿಗೂ ಅಳಿಯದೆ ಉಳಿಯುವುವು. ಕಾವಲುಚೀಟಿಯನ್ನು ಅಂತಹ ಚಕ್ರದೊಳಗೆ ಸಿಕ್ಕಿಸಿದರೆ ಅದು ಅಳಿಯುವುದಿಲ್ಲ. ಅಳಿಯದಿದ್ದರೆ ಕಾಯುವುದೂ ಇಲ್ಲ. ಒಡತಿ ಹೋದಳು, ಥ್ರೆಡ್ಡು ಒರೆಸಿದ ಹಲಗೆಯನ್ನು ಓದುತ್ತಲೇ ಇದೆ! ಭಾಷೆಯ ಮುಖ್ಯ ಪ್ರತಿಜ್ಞೆಯೇ ಮುರಿಯುವಂತಿದ್ದುದರಿಂದ ಆ ಸೌಕರ್ಯವನ್ನು ತೆಗೆದುಹಾಕಿದರು.

ಇದರ ಪರಿಹಾರವು ಭಾಷೆಯ ಸ್ವಂತ ಭಂಡಾರಕ್ಕೆ ಬಂದುದು ೨೦೨೨ರ ಆಗಸ್ಟ್ ತಿಂಗಳಲ್ಲಿ, ೧.೬೩ನೆಯ ಆವೃತ್ತಿಯಲ್ಲಿ. ಅಷ್ಟರ ತನಕ ಕ್ರಾಸ್‌ಬೀಮ್ ಎಂಬ ಹೊರಗಿನ ಗ್ರಂಥಭಂಡಾರವು ಅಂತಹದೇ ಸಾಧನವನ್ನು ಒದಗಿಸುತ್ತಿತ್ತು. ಪರಿಹಾರವಾದರೋ ಒಂದು ಕ್ಲೋಷರು! ಈಗ ಕಾವಲುಚೀಟಿಯನ್ನು ಯಾರ ಕೈಗೂ ನಂಬಿ ಕೊಡುವುದಿಲ್ಲ. ಸ್ಕೋಪ್ ಎಂಬ ಫಂಕ್ಷನ್ನಿಗೆ ನಾವು ಒಂದು ಕ್ಲೋಷರನ್ನು ಒಪ್ಪಿಸಬೇಕು. ಎರವಲು ಒಯ್ಯುವ ಥ್ರೆಡ್ಡುಗಳನ್ನು ಆ ಕ್ಲೋಷರಿನ ಒಳಗಿನಿಂದ ಆರಂಭಿಸಬೇಕು. ಸ್ಕೋಪ್ ನಮ್ಮ ಕ್ಲೋಷರನ್ನು ಕರೆದು, ಅದು ಮುಗಿದ ಬಳಿಕ, ಒಳಗೆ ಹುಟ್ಟಿದ ಥ್ರೆಡ್ಡುಗಳೆಲ್ಲವೂ ಮುಗಿಯುವ ತನಕ ತಾನೇ ಕಾಯ್ದು, ಆಮೇಲೆ ನಮ್ಮ ಕಡೆಗೆ ಹಿಂದಿರುಗುವುದು. ಕಾಯುವ ಕರ್ತವ್ಯವು ನಾವು ಕಳೆದುಕೊಳ್ಳಬಹುದಾದ ಚೀಟಿಯಲ್ಲಿಲ್ಲ, ನಮ್ಮ ಕೈಗೆ ಎಟುಕದ ಫಂಕ್ಷನ್ನಿನ ಒಡಲಿನಲ್ಲಿದೆ. ಮನೆಯ ಬಾಗಿಲಿನ ಕೀಲಿಯನ್ನು ಮಕ್ಕಳ ಕೈಗೆ ಕೊಟ್ಟು "ಎಲ್ಲರೂ ಹೊರಗೆ ಬಂದ ಮೇಲೆ ಬೀಗ ಹಾಕಿರಿ" ಎನ್ನುವುದಕ್ಕೂ, ತಾಯಿಯೇ ಬಾಗಿಲಲ್ಲಿ ನಿಂತು ಎಲ್ಲರನ್ನೂ ಎಣಿಸಿ ಬೀಗ ಹಾಕುವುದಕ್ಕೂ ಇರುವ ಭೇದವಿದು. ಅನಾಮಕ ಫಂಕ್ಷನ್ನನ್ನು ಬರಿಯ ಬರವಣಿಗೆಯ ಸೌಕರ್ಯವೆಂದು ತಿಳಿದಿರುವವರು ಈ ಒಂದು ಸಂಗತಿಯನ್ನು ಚೆನ್ನಾಗಿ ಮನನ ಮಾಡಬೇಕು.

ಇಷ್ಟು ಹೇಳಿದುದರಿಂದ ಎಲ್ಲ ಕಡೆಯೂ ಕ್ಲೋಷರನ್ನೇ ಬರೆಯಬೇಕೆಂದು ಅರ್ಥವಲ್ಲ. ಒಂದು ಕೆಲಸವು ಹತ್ತು ಹನ್ನೆರಡು ಸಾಲುಗಳನ್ನು ಮೀರಿ ಬೆಳೆದರೆ, ಇಲ್ಲವೆ ಎರಡ್ಮೂರು ಸ್ಥಳಗಳಲ್ಲಿ ಬೇಕಾದರೆ, ಅದಕ್ಕೆ ಒಂದು ಒಳ್ಳೆಯ ಹೆಸರನ್ನಿಟ್ಟು ಪ್ರತ್ಯೇಕವಾಗಿ ಬರೆಯುವುದೇ ಓದುವವರಿಗೆ ಉಪಕಾರ. ತನ್ನನ್ನು ತಾನೇ ಕರೆದುಕೊಳ್ಳಬೇಕಾದ ಕೆಲಸಗಳಿಗೂ ಹೆಸರುಳ್ಳ ಫಂಕ್ಷನ್ನೇ ತಕ್ಕುದು. ಹೆಸರಿಲ್ಲದವಳು ತನ್ನನ್ನು ಏನೆಂದು ಕರೆದುಕೊಂಡಾಳು?

ಅಭ್ಯಾಸಕ್ಕಾಗಿ ಒಂದು ಲೆಕ್ಕ. ಎಣಿಕೆ ಎಂಬ ಪೂರ್ಣಾಂಕವನ್ನು ಸೊನ್ನೆಯಿಂದ ಆರಂಭಿಸಿ, ಕರೆದಾಗಲೆಲ್ಲ ಅದಕ್ಕೆ ಒಂದನ್ನು ಕೂಡಿಸಿ ಬಂದ ಮೊತ್ತವನ್ನು ಉತ್ತರವಾಗಿ ಕೊಡುವ ಕ್ಲೋಷರನ್ನು ಮೂವ್ ಪದಸಹಿತವಾಗಿ ಬರೆಯಿರಿ. ಮೂರು ಸಲ ಕರೆದರೆ ಅದು ೧, ೨, ೩ ಎಂದು ಹೇಳುವುದು. ಹೊರಗಿನ ಎಣಿಕೆಯನ್ನು ನೋಡಿದರೆ ಇನ್ನೂ ಸೊನ್ನೆಯೇ ಇರುವುದು. ಏಕೆಂದರೆ ಪೂರ್ಣಾಂಕದಂತಹ ಸರಳ ಬೆಲೆಗಳು ಬುತ್ತಿಗೆ ಹೋಗುವಾಗ ನಕಲಾಗಿ ಹೋಗುವುವು, ಮೂಲವು ಇದ್ದಲ್ಲಿಯೇ ಉಳಿಯುವುದು. ಮೂವ್ ಪದವನ್ನು ಅಳಿಸಿ ಮತ್ತೆ ಮೂರು ಸಲ ಕರೆದರೆ ಹೊರಗಿನ ಎಣಿಕೆಯೂ ೩ ಆಗಿರುವುದು. ಇನ್ನು ಮೂವ್ ಇರುವ ಕ್ಲೋಷರನ್ನೇ ಮೂರು ಸಲ ಕರೆದ ಬಳಿಕ, ಅದನ್ನು ಎರಡನೆಯ ಒಂದು ಹೆಸರಿಗೆ ವಹಿಸಿ, ಹಳೆಯ ಹೆಸರಿನಿಂದ ಒಂದು ಸಲ, ಹೊಸ ಹೆಸರಿನಿಂದ ಒಂದು ಸಲ ಕರೆಯಿರಿ. ಎರಡೂ ೪ ಎನ್ನುವುವು. ಬುತ್ತಿಯೊಂದಿಗೆ ಕ್ಲೋಷರಿನದೂ ನಕಲಾಯಿತು. ಬುತ್ತಿಯಲ್ಲಿ ಪೂರ್ಣಾಂಕದ ಬದಲಾಗಿ ಹಾಜರಿಪಟ್ಟಿಯೇ ಇದ್ದಿದ್ದರೆ ಹಳೆಯ ಹೆಸರಿನಿಂದ ಕರೆಯುವ ಸಾಲಿಗೆ ಕಂಪೈಲರು ಏನೆನ್ನುವುದು, ಏಕೆ, ಎಂಬುದನ್ನು ನೀವೇ ಬರೆದು ನೋಡತಕ್ಕದ್ದು.